ಶನಿವಾರ ರಾತ್ರಿ ಒಂಬತ್ತೂವರೆ ಸರಿ, ಆದ್ರೆ ಯಾವ ಊರಿನ ಗಡಿಯಾರದಲ್ಲಿ?

ಪ್ರಶ್ನೆ: ಸರ್, ನಾವು ದಾವಣಗೆರೆಯ ನಾಲ್ಕು ಜನ ಕಾಲೇಜು ಫ್ರೆಂಡ್ಸ್ ಸೇರಿ ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪಲ್ಲಿ ಒಂದು ಮೈನ್‌ಕ್ರಾಫ್ಟ್ ಗೇಮ್ ಗುಂಪು ಶುರು ಮಾಡಿದ್ವಿ, ಈಗ 60 ಜನ ಆಗಿದಾರೆ. ಬೆಂಗಳೂರು, ಮೈಸೂರಿನವರ ಜೊತೆ ನ್ಯೂಜೆರ್ಸಿ, ಲಂಡನ್, ಡಬ್ಲಿನ್, ದುಬೈ, ಸಿಡ್ನಿಯಿಂದಾನೂ ಆಡ್ತಾರೆ, ಎಲ್ಲರೂ ಕನ್ನಡದವರಲ್ಲ. ಪ್ರತಿ ಶನಿವಾರ ಈವೆಂಟ್ ಇರುತ್ತೆ. ಅನೌನ್ಸ್‌ಮೆಂಟಲ್ಲಿ 'ರಾತ್ರಿ 9:30 ಐಎಸ್‌ಟಿ, ಬೆಳಿಗ್ಗೆ 11 ಇಎಸ್‌ಟಿ, ಸಂಜೆ 4 ಜಿಎಂಟಿ, ಸಿಡ್ನಿ ಭಾನುವಾರ ಬೆಳಗಿನ ಜಾವ 3' ಅಂತ ಹಾಕ್ತೀವಿ. ಡಿಸೆಂಬರಿಂದ ಚೆನ್ನಾಗೇ ನಡೀತಿತ್ತು. ಮಾರ್ಚ್ 14ಕ್ಕೆ ನ್ಯೂಜೆರ್ಸಿಯವರು ಒಂದು ಗಂಟೆ ಮೊದಲೇ ಬಂದು ಯಾರೂ ಇಲ್ಲ ಅಂತ ಬೇಜಾರಾಗಿ ಹೋಗ್ಬಿಟ್ರು. ಏಪ್ರಿಲ್ 4ಕ್ಕಂತೂ ಲಂಡನ್ನಿನವರು ಒಂದು ಗಂಟೆ ಮೊದಲು, ಸಿಡ್ನಿಯವರು ಒಂದು ಗಂಟೆ ಲೇಟು, ಡಬ್ಲಿನ್ನಿನ ಹೊಸ ಹುಡುಗ ಎಲ್ಲಾ ಮುಗಿದು ನಾವು ಮಲಗಿದ ಮೇಲೆ ಬಂದಿದಾನೆ. ನಾವು ಟೈಮ್ ಬದಲಾಯಿಸಿಯೇ ಇಲ್ಲ. ತಪ್ಪು ಎಲ್ಲಿ ಆಯ್ತು, ಸರಿ ಮಾಡೋದು ಹೇಗೆ?

ಉತ್ತರ: ನೀವು ಬದಲಾಯಿಸಿಲ್ಲ ಅನ್ನೋದು ನಿಜ, ದುಬೈ ಬಿಟ್ಟು ನಿಮ್ಮ ಸುತ್ತ ಇರೋ ಬೇರೆ ಎಲ್ಲಾ ಗಡಿಯಾರಗಳು ಬದಲಾದ್ವು, ಅದೂ ಬೇರೆ ಬೇರೆ ದಿನ, ಬೇರೆ ಬೇರೆ ದಿಕ್ಕಿಗೆ. ನಾನು ಹನ್ನೊಂದು ವರ್ಷದಿಂದ ಆನ್‌ಲೈನ್ ಗೇಮ್ ಗುಂಪುಗಳ ಈವೆಂಟ್ ನಡೆಸ್ಕೊಂಡು ಬಂದಿದೀನಿ, ಗುಂಪು ಒಡೆದು ಹೋಗೋದು ಜಗಳದಿಂದ ಅಂತ ಎಲ್ಲರೂ ಅಂದ್ಕೋತಾರೆ, ಆದ್ರೆ ನಾನು ನೋಡಿದ್ರಲ್ಲಿ ಹೆಚ್ಚು ಜನ ಸದ್ದಿಲ್ಲದೆ ಬಿಟ್ಟು ಹೋಗೋದು ಹೀಗೇನೆ, ಎರಡು ಸಲ ಬರ್ತಾರೆ, ಎರಡು ಸಲಾನೂ ಯಾರೂ ಇರಲ್ಲ, ಮೂರನೇ ಸಲ ಬರಲ್ಲ. ಅದಕ್ಕೇ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗೇ ಉತ್ತರ ಬರೀತಿದೀನಿ.

ಮೊದಲು ಲೆಕ್ಕ. ಯುಟಿಸಿ ಅಂತ ಒಂದು ಗಡಿಯಾರ ಇದೆ, ಜಗತ್ತಿಗೆಲ್ಲ ಒಂದೇ, ಬೇಸಿಗೆ ಬಂದ್ರೂ ಚಳಿ ಬಂದ್ರೂ ಬದಲಾಗಲ್ಲ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದ್ರೆ ನಿಮ್ಮ ರಾತ್ರಿ 9:30 ಅನ್ನೋದು ಯುಟಿಸಿಯಲ್ಲಿ 16:00, ವರ್ಷವಿಡೀ ಅಷ್ಟೇ. ನ್ಯೂಜೆರ್ಸಿಯಲ್ಲಿ ಚಳಿಗಾಲದಲ್ಲಿ ಯುಟಿಸಿಗಿಂತ 5 ಗಂಟೆ ಹಿಂದೆ, ಹಾಗಾಗಿ 11 ಗಂಟೆ, ಸರಿ ಇತ್ತು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಗಡಿಯಾರಾನ ಒಂದು ಗಂಟೆ ಮುಂದೆ ತಳ್ತಾರೆ, ಡೇಲೈಟ್ ಸೇವಿಂಗ್ ಅಂತಾರಲ್ಲ ಅದು. 2026ರಲ್ಲಿ ಅದು ಮಾರ್ಚ್ 8. ಆಮೇಲೆ ಅವರು 4 ಗಂಟೆ ಹಿಂದೆ, ನಿಮ್ಮ ಈವೆಂಟ್ ಅವರಿಗೆ ಮಧ್ಯಾಹ್ನ 12ಕ್ಕೆ ಬರುತ್ತೆ. ಅವರು ನಿಮ್ಮ ಅನೌನ್ಸ್‌ಮೆಂಟ್ ನೋಡಿ 11ಕ್ಕೆ ಬಂದ್ರು, ಆಗ ದಾವಣಗೆರೆಯಲ್ಲಿ ಇನ್ನೂ 8:30, ನೀವು ಊಟಕ್ಕೆ ಕೂತಿರ್ತೀರಿ.

ಇಲ್ಲಿ ಒಂದು ವಿಷಯ ಗಮನಿಸಿ, ಕಟ್ಟುನಿಟ್ಟಾಗಿ ನೋಡಿದ್ರೆ ನೀವು ಬರೆದಿದ್ದು ತಪ್ಪೇ ಅಲ್ಲ. ಇಎಸ್‌ಟಿ ಅಂದ್ರೆ ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಯ ಚಳಿಗಾಲದ ಸಮಯ, ಬೇಸಿಗೆಯದಕ್ಕೆ ಇಡಿಟಿ ಅಂತಾರೆ, '11 ಇಎಸ್‌ಟಿ' ಅನ್ನೋದು ಯಾವತ್ತೂ ಯುಟಿಸಿ 16:00ನೇ. ಆದ್ರೆ ಅಲ್ಲಿ ಇರೋ ಜನ ಜುಲೈನಲ್ಲೂ ಇಎಸ್‌ಟಿ ಅಂತಾನೇ ಅಂತಾರೆ, ಅವರ ಕಣ್ಣಿಗೆ ಕಾಣೋದು 11 ಮಾತ್ರ. ಮೂರು ಅಕ್ಷರ ಯಾರೂ ಓದಲ್ಲ. ಇದನ್ನ ಮನಸ್ಸಲ್ಲಿ ಇಟ್ಕೊಳಿ, ಬರೆದವರ ಪ್ರಕಾರ ಸರಿ ಇದ್ರೆ ಸಾಲದು, ಓದಿದವರು ಸರಿಯಾದ ಹೊತ್ತಿಗೆ ಬಂದ್ರಾ ಅನ್ನೋದಷ್ಟೇ ಲೆಕ್ಕ.

ಲಂಡನ್ನಿಗೆ ಮಾರ್ಚ್ 14ಕ್ಕೆ ಏನೂ ಆಗ್ಲಿಲ್ಲ ಯಾಕೆ ಅಂದ್ರೆ ಯುರೋಪಿನವರು ಬದಲಾಯಿಸೋದು ಮಾರ್ಚ್ ಕೊನೇ ಭಾನುವಾರ, ಈ ಸಲ 29ಕ್ಕೆ. ಅಮೆರಿಕ 2007ರಿಂದ ತನ್ನ ದಿನಾಂಕ ಹಿಂದೆ ಮುಂದೆ ಎಳ್ಕೊಂಡ ಮೇಲೆ ಇವರಿಬ್ಬರ ಮಧ್ಯೆ ವಸಂತದಲ್ಲಿ ಎರಡು ಮೂರು ವಾರ, ಚಳಿಗಾಲಕ್ಕೆ ಮೊದಲು ಒಂದು ವಾರ ಗ್ಯಾಪ್ ಬೀಳುತ್ತೆ. ಬೆಂಗಳೂರಲ್ಲಿ ಐಟಿ ಕೆಲಸ ಮಾಡೋರನ್ನ ಕೇಳಿ, ಆ ವಾರಗಳಲ್ಲಿ ಕ್ಲೈಂಟ್ ಕಾಲ್ ಯಾವಾಗ ಅಂತ ಆಫೀಸಿಗೆ ಆಫೀಸೇ ತಲೆ ಕೆಡಿಸ್ಕೊಂಡಿರುತ್ತೆ. ನೀವು ಬರೆದ ಜಿಎಂಟಿ ಅಂದ್ರೆ ಲಂಡನ್ನಿನ ಚಳಿಗಾಲದ ಸಮಯ, ಏಪ್ರಿಲ್ 4ಕ್ಕೆ ಲಂಡನ್ ಬೇಸಿಗೆ ಸಮಯಕ್ಕೆ ಹೋಗಿ ಆಗಿತ್ತು, ಈವೆಂಟ್ ಅವರಿಗೆ ಸಂಜೆ 5, ಅವರು 4 ಅಂತ ಬಂದ್ರು.

ಸಿಡ್ನಿಯದು ಮಾತ್ರ ತುಂಬಾ ಅಪರೂಪದ ಕಾಕತಾಳೀಯ, ನಾನೂ ಕಾಗದ ಪೆನ್ನು ಹಿಡಿದು ಎರಡು ಸಲ ಲೆಕ್ಕ ಹಾಕಿದೆ. ಭೂಮಿಯ ಆ ಕಡೆ ಬೇಸಿಗೆ ಮುಗಿಯೋ ಹೊತ್ತು, ಅವರು ಗಡಿಯಾರ ಹಿಂದೆ ತಿರುಗಿಸ್ತಾರೆ, ಏಪ್ರಿಲ್ ಮೊದಲ ಭಾನುವಾರ ಬೆಳಗಿನ ಜಾವ 3 ಆಗ್ತಿದ್ದ ಹಾಗೆ ಮತ್ತೆ 2 ಮಾಡ್ತಾರೆ. ಈ ಸಲ ಅದು ಏಪ್ರಿಲ್ 5. ಅಲ್ಲಿನ ಆ 3 ಗಂಟೆ ಅಂದ್ರೆ ಯುಟಿಸಿ ಶನಿವಾರ 16:00, ಅಂದ್ರೆ ನಿಮ್ಮ ಈವೆಂಟ್ ಶುರುವಾಗೋ ಅದೇ ಕ್ಷಣ! ನೀವು ಇಲ್ಲಿ ಸ್ಟಾರ್ಟ್ ಒತ್ತಿದಾಗ ಅಲ್ಲಿ ಫೋನಲ್ಲಿ 3:00 ಬರ್ಲೇ ಇಲ್ಲ, 2:59 ಆಗಿ ಮತ್ತೆ 2:00 ಆಯ್ತು. ಪಾಪ ಅವರು 3ಕ್ಕೆ ಅಲಾರಂ ಇಟ್ಟು ಮಲಗಿದಾರೆ, ಅದು ಹೊಡೆದಿದ್ದು ಒಂದು ಗಂಟೆ ಆದ್ಮೇಲೆ. ಅವರ ತಪ್ಪು ಎಳ್ಳಷ್ಟೂ ಇಲ್ಲ, ಇದನ್ನ ಅವರಿಗೆ ಗುಂಪಲ್ಲೇ ಎಲ್ಲರ ಮುಂದೆ ಹೇಳಿ ದಯವಿಟ್ಟು, ಬೆಳಗಿನ ಜಾವ ಎದ್ದು ಬಂದವರಿಗೆ ಲೇಟು ಅನ್ನೋ ಮಾತು ಬಹಳ ಚುಚ್ಚುತ್ತೆ.

ಇನ್ನು ಡಬ್ಲಿನ್. ಐಎಸ್‌ಟಿ ಅಂದ್ರೆ ನಮಗೆ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್, ಅವರಿಗೆ ಐರಿಶ್ ಸ್ಟ್ಯಾಂಡರ್ಡ್ ಟೈಮ್, ಇಸ್ರೇಲಿನವರಿಗೆ ಇಸ್ರೇಲ್ ಸ್ಟ್ಯಾಂಡರ್ಡ್ ಟೈಮ್. ಐರ್ಲೆಂಡಿನ ಕಾನೂನಲ್ಲಿ ಬೇಸಿಗೆ ಸಮಯಾನೇ ಸ್ಟ್ಯಾಂಡರ್ಡ್, ಅದು ಯುಟಿಸಿಗಿಂತ 1 ಗಂಟೆ ಮುಂದೆ. ಆ ಹುಡುಗ ತನ್ನೂರಿನ ರಾತ್ರಿ 9:30ಕ್ಕೆ ಬಂದಿದಾನೆ, ನಮಗೆ ಅದು ಭಾನುವಾರ ಬೆಳಗಿನ ಜಾವ 2. ಹೀಗೇ ಬಿಎಸ್‌ಟಿ ಅಂದ್ರೆ ಬ್ರಿಟಿಷ್ ಬೇಸಿಗೆ ಸಮಯಾನೂ ಹೌದು, ಬಾಂಗ್ಲಾದೇಶದ ಸಮಯಾನೂ ಹೌದು. ಸಿಎಸ್‌ಟಿ ಅಂದ್ರೆ ಅಮೆರಿಕದ ಶಿಕಾಗೋ ಕಡೆಯದು, ಚೀನಾದ್ದೂ ಅದೇ ಹೆಸರು. ಹಾಗಾಗಿ ಇವತ್ತಿಂದ ಮೂರಕ್ಷರದ ಹೆಸರು ಬಿಟ್ಬಿಡಿ, ಊರಿನ ಹೆಸರು ಬರೀರಿ. 'ಬೆಂಗಳೂರು ಟೈಮ್', 'ನ್ಯೂಯಾರ್ಕ್ ಟೈಮ್', 'ಲಂಡನ್ ಟೈಮ್'. ದೇಶದ ಹೆಸರೂ ಸಾಲಲ್ಲ, ಆಸ್ಟ್ರೇಲಿಯಾ ಟೈಮ್ ಅಂತ ಒಂದಿಲ್ಲ, ಸಿಡ್ನಿಯವರು ಗಡಿಯಾರ ತಿರುಗಿಸ್ತಾರೆ, ಬ್ರಿಸ್ಬೇನಿನವರು ತಿರುಗಿಸಲ್ಲ. ಅಮೆರಿಕದಲ್ಲೂ ಅರಿಜೋನಾದ ಹೆಚ್ಚಿನ ಭಾಗ ಮತ್ತು ಹವಾಯಿ ತಿರುಗಿಸಲ್ಲ.

ಈಗ ಮುಖ್ಯ ವಿಷಯ. ಎಷ್ಟು ಗಂಟೆಗೆ ಅಂತ ಯೋಚನೆ ಮಾಡೋಕಿಂತ ಮೊದಲು ಈವೆಂಟನ್ನ ಯಾವ ಗಡಿಯಾರಕ್ಕೆ ಕಟ್ತೀರಿ ಅನ್ನೋದನ್ನ ತೀರ್ಮಾನ ಮಾಡಿ, ಗುಂಪಿಗೆಲ್ಲ ಹೇಳಿ. ದೊಡ್ಡ ಗೇಮುಗಳೂ ಇದನ್ನೇ ಮಾಡಿರೋದು, ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದಾರೆ. ಈವ್ ಆನ್‌ಲೈನಲ್ಲಿ ಚೀನಾ ಬಿಟ್ಟು ಉಳಿದ ಎಲ್ಲರೂ ಒಂದೇ ಲೋಕದಲ್ಲಿ ಆಡ್ತಾರೆ, ಅಲ್ಲಿ ಗೇಮಿನ ಸಮಯಾನೇ ಯುಟಿಸಿ, ಆಟಗಾರರು ಮಾತಾಡೋದೇ ಅದ್ರಲ್ಲಿ, ದಿನಾ 11:00ಕ್ಕೆ ಸರ್ವರ್ ಸ್ವಲ್ಪ ಹೊತ್ತು ಬಂದ್ ಆಗೋ ಡೌನ್‌ಟೈಮ್ ಅಂದ್ರೆ ಎಲ್ಲರಿಗೂ ಅರ್ಥ ಆಗುತ್ತೆ. ಗೆನ್‌ಶಿನ್ ಇಂಪ್ಯಾಕ್ಟಲ್ಲಿ ಅಮೆರಿಕ, ಯುರೋಪ್, ಏಷ್ಯಾ ಸರ್ವರುಗಳಿಗೆ ಒಂದೊಂದು ಖಾಯಂ ಲೆಕ್ಕ, ಅಮೆರಿಕದ ಸರ್ವರ್ ಯಾವತ್ತೂ ಯುಟಿಸಿಗಿಂತ 5 ಗಂಟೆ ಹಿಂದೆ, ಡೇಲೈಟ್ ಸೇವಿಂಗ್ ಅದಕ್ಕೆ ಗೊತ್ತಿಲ್ಲ, ಹಾಗಾಗಿ ಸರ್ವರ್ ಪ್ರಕಾರ ಬೆಳಗಿನ ಜಾವ 4 ಗಂಟೆಗೆ ಆಗೋ ರೀಸೆಟ್, ಅಂದ್ರೆ ಗೇಮಿನ ಹೊಸ ದಿನ ಶುರುವಾಗೋದು, ನ್ಯೂಯಾರ್ಕಿನವರಿಗೆ ಬೇಸಿಗೆಯಲ್ಲಿ 5ಕ್ಕೆ ಆಗುತ್ತೆ. ಪೋಕೆಮಾನ್ ಗೋ ಕಮ್ಯೂನಿಟಿ ಡೇ ಇದೆಯಲ್ಲ ಅದು ಇನ್ನೊಂದು ರೀತಿ, ಆಯಾ ಊರಿನ ಲೋಕಲ್ ಟೈಮ್, ನ್ಯೂಜಿಲೆಂಡ್ ಕಡೆ ಮೊದಲು ಶುರುವಾಗಿ ಸೂರ್ಯನ ಜೊತೆ ಪಶ್ಚಿಮಕ್ಕೆ ಸಾಗುತ್ತೆ, ಬೀದಿಗೆ ಇಳಿದು ಆಡೋ ಆಟಕ್ಕೆ ಅದೇ ಸರಿ.

ನಿಮ್ಮ ಗುಂಪಲ್ಲಿ ಎಲ್ಲರೂ ಒಟ್ಟಿಗೆ ಇರ್ಬೇಕು, ಹಾಗಾಗಿ ಲೋಕಲ್ ಟೈಮ್ ದಾರಿ ಶನಿವಾರದ ಈವೆಂಟಿಗೆ ಆಗಲ್ಲ. ಆದ್ರೆ ಒಂಟಿಯಾಗಿ ಮಾಡೋ ಕೆಲಸ, ಮನೆ ಕಟ್ಟೋ ಸ್ಪರ್ಧೆ ಥರದ್ದು, ಅದಕ್ಕೆ 'ನಿಮ್ಮ ನಿಮ್ಮ ಊರಲ್ಲಿ ಭಾನುವಾರ ಮುಗಿಯೋ ತನಕ' ಅಂತ ಬಿಟ್ಬಿಡಿ. ಒಟ್ಟಿಗೆ ಆಡೋದಕ್ಕೆ ನನ್ನ ಸಲಹೆ ಬೆಂಗಳೂರಿಗೇ ಕಟ್ಟಿ ಅಂತ. ಅಭಿಮಾನಕ್ಕಲ್ಲ. ಭಾರತ, ದುಬೈ ಎರಡೂ ಗಡಿಯಾರ ತಿರುಗಿಸಲ್ಲ, ನಿಮ್ಮ ಹೆಚ್ಚು ಜನ ಇಲ್ಲೇ ಇದಾರೆ, ಇವರಿಗೆ ವರ್ಷಪೂರ್ತಿ ಒಂದೇ ಟೈಮ್, ಉಳಿದವರಿಗೆ ವರ್ಷಕ್ಕೆ ಎರಡು ಸಲ ಬದಲಾಗುತ್ತೆ. ನಾಳೆ ಅಮೆರಿಕದವರೇ ಜಾಸ್ತಿ ಆದ್ರೆ ನ್ಯೂಯಾರ್ಕಿಗೆ ಕಟ್ಟಿ, ಆಗ ಅವರಿಗೆ ಯಾವಾಗಲೂ 11, ನಮಗೆ ಬೇಸಿಗೆಯಲ್ಲಿ 8:30, ಚಳಿಗಾಲದಲ್ಲಿ 9:30. ಎರಡರಲ್ಲಿ ಯಾವುದಾದ್ರೂ ಪರವಾಗಿಲ್ಲ, ಎರಡೂ ಖಾಯಂ ಅಂತ ಬರೆದ್ರೆ ಮಾತ್ರ ಆಗಲ್ಲ, ನೀವು ಮಾಡಿದ್ದು ಅದನ್ನೇ.

ಕಟ್ಟಿದ ಮೇಲೆ ಬೇರೆ ಊರುಗಳ ಟೈಮ್ ನೀವು ಕೈಯಲ್ಲಿ ಲೆಕ್ಕ ಹಾಕಿ ಬರೀಬೇಡಿ, ಪ್ರತಿಯೊಬ್ಬರ ಫೋನಿಗೇ ಆ ಕೆಲಸ ಬಿಡಿ. ಡಿಸ್ಕಾರ್ಡಲ್ಲಿ ಶೆಡ್ಯೂಲ್ಡ್ ಈವೆಂಟ್ ಹಾಕಿದ್ರೆ ನೋಡೋವ್ರಿಗೆ ಅವರವರ ಟೈಮಲ್ಲೇ ಕಾಣುತ್ತೆ, ಅದನ್ನ ಮೊದಲು ಶುರು ಮಾಡಿ. ಮೆಸೇಜ್ ಒಳಗೇ ಬೇಕು ಅಂದ್ರೆ ಟೈಮ್‌ಸ್ಟ್ಯಾಂಪ್ ಇದೆ. 1970 ಜನವರಿ 1ರ ಯುಟಿಸಿ ಸೊನ್ನೆ ಗಂಟೆಯಿಂದ ಎಷ್ಟು ಸೆಕೆಂಡ್ ಆಯ್ತು ಅನ್ನೋ ಸಂಖ್ಯೆ ಅದು, ಕಂಪ್ಯೂಟರುಗಳು ಸಮಯಾನ ಎಣಿಸೋದೇ ಹೀಗೆ. ನಿಮ್ಮ ಮಾರ್ಚ್ 14ರ ಈವೆಂಟಿಗೆ ಅದು 1773504000. ಲೆಸ್ ದ್ಯಾನ್ ಚಿಹ್ನೆ, ಸಣ್ಣಕ್ಷರದ ಟಿ, ಕೋಲನ್, ಈ ಸಂಖ್ಯೆ, ಕೋಲನ್, ದೊಡ್ಡಕ್ಷರದ ಎಫ್, ಕೊನೆಗೆ ಗ್ರೇಟರ್ ದ್ಯಾನ್ ಚಿಹ್ನೆ, ಮಧ್ಯೆ ಸ್ಪೇಸ್ ಇಲ್ಲದೆ ಟೈಪ್ ಮಾಡಿದ್ರೆ ನಿಮಗೆ ಶನಿವಾರ ರಾತ್ರಿ 9:30 ಅಂತ ಕಾಣುತ್ತೆ, ನ್ಯೂಜೆರ್ಸಿಗೆ ಮಧ್ಯಾಹ್ನ 12 ಅಂತ ಕಾಣುತ್ತೆ. ಎಫ್ ಬದಲು ದೊಡ್ಡಕ್ಷರದ ಆರ್ ಹಾಕಿದ್ರೆ 'ಇನ್ನು 3 ಗಂಟೆ' ಅಂತ ಕೌಂಟ್‌ಡೌನ್ ಥರ ಬರುತ್ತೆ. ನಾನು ಎರಡನ್ನೂ ಪಕ್ಕ ಪಕ್ಕ ಹಾಕ್ತೀನಿ, ಯಾರಾದ್ರೂ ಲ್ಯಾಪ್‌ಟಾಪ್ ಗಡಿಯಾರ ಬೇರೆ ದೇಶದ್ದು ಇಟ್ಕೊಂಡಿದ್ರೂ 'ಇನ್ನು 3 ಗಂಟೆ' ಅನ್ನೋದು ಸುಳ್ಳಾಗಲ್ಲ. ಸಂಖ್ಯೆ ಮಾಡಿಕೊಡೋ ಸೈಟುಗಳು ಬೇಕಾದಷ್ಟಿವೆ, 13 ಅಂಕಿ ಬಂದ್ರೆ ಅದು ಮಿಲಿಸೆಕೆಂಡ್, ಕೊನೇ ಮೂರು ಅಂಕಿ ತೆಗೀಬೇಕು.

ಇದನ್ನ ಹಾಳು ಮಾಡೋದು ಸ್ಕ್ರೀನ್‌ಶಾಟ್. ಬೆಂಗಳೂರಿನವರು ಒಬ್ಬರು ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗುಂಪಿಗೆ ಹಾಕ್ತಾರೆ, ಚಿತ್ರದಲ್ಲಿ ಅವರ ಫೋನಿನ ಟೈಮ್ ಅಚ್ಚಾಗಿ ಹೋಗಿರುತ್ತೆ, ಲಂಡನ್ನಿನವರು ಅದನ್ನ ತಮ್ಮದು ಅಂದ್ಕೋತಾರೆ. ನಮ್ಮ ಗುಂಪಲ್ಲಿ ಇದಕ್ಕೊಂದು ರೂಲೇ ಇದೆ, ಟೈಮ್ ಇರೋ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕ್ಬಾರ್ದು, ಲಿಂಕ್ ಹಾಕ್ಬೇಕು. ವಾಟ್ಸಾಪಿಗೆ ಟೈಮ್ ಅಂಡ್ ಡೇಟ್ ಸೈಟಲ್ಲಿ ಈವೆಂಟ್ ಟೈಮ್ ಅನೌನ್ಸರ್ ಅಂತ ಇದೆ, ಅದರ ಲಿಂಕ್ ಒತ್ತಿದ್ರೆ ಊರೂರಿನ ಸಮಯ ಬರುತ್ತೆ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ನಾನು ಮಾಡಿದ ತಪ್ಪುಗಳಲ್ಲಿ ಇವತ್ತಿಗೂ ಮನಸ್ಸಲ್ಲಿ ಉಳಿದಿರೋದು ಇದು. ಒಂದು ಸಲ ರೇಡ್, ಅಂದ್ರೆ ಗೇಮಲ್ಲಿ ಎಲ್ಲರೂ ಸೇರಿ ಮಾಡೋ ದಾಳಿ, ಇಟ್ಟಿದ್ದೆ, 'ಶನಿವಾರ ರಾತ್ರಿ 12:30' ಅಂತ ಬರೆದೆ, ಇಂಗ್ಲಿಷಲ್ಲಿ ಅದನ್ನೇ ಶನಿವಾರ 12:30 ಎಎಂ ಅಂತ ಹಾಕಿದೆ. ನಮ್ಮವರು ಶನಿವಾರ ಊಟ ಮಾಡಿ, ರಾತ್ರಿ ಕಾದು ಬಂದ್ರು. ಜರ್ಮನಿ, ಪೋಲೆಂಡಿನವರು ಶುಕ್ರವಾರ ರಾತ್ರಿಯೇ ಬಂದು ಕಾದು ಹೋಗಿದ್ರು. ಅವರು ಓದಿದ್ದೇ ಸರಿ, ಗಡಿಯಾರದ ಪ್ರಕಾರ ಶನಿವಾರ ಶುರುವಾಗೋದು ಶುಕ್ರವಾರ ಮಧ್ಯರಾತ್ರಿ ಆದ ತಕ್ಷಣ. ಆದ್ರೆ ನಮ್ಮ ಮಾತಲ್ಲಿ ಹಾಗಿಲ್ಲ, ಪಂಚಾಂಗದಲ್ಲಿ ವಾರ ಬದಲಾಗೋದು ಸೂರ್ಯ ಹುಟ್ಟಿದ ಮೇಲೆ, ನಮ್ಮ ಮನೆಗಳಲ್ಲಿ ಶನಿವಾರ ರಾತ್ರಿ ಒಂದು ಗಂಟೆ ಅಂದ್ರೆ ಶನಿವಾರ ಮಲಗೋ ರಾತ್ರಿನೇ, ಭಾನುವಾರದ್ದು ಬೇಕು ಅಂದ್ರೆ ಬೆಳಗಿನ ಜಾವ ಅಂತೀವಿ. ಅಮೆರಿಕದಲ್ಲಿ ಇರೋ ನಮ್ಮವರಿಗೆ ಏಕಾದಶಿ ಕೆಲವು ಸಲ ಊರಿಗಿಂತ ಒಂದು ದಿನ ಹಿಂದೆ ಮುಂದೆ ಆಗೋದೂ ಇದಕ್ಕೇ ಅಲ್ವಾ, ತಿಥಿ ನೋಡೋದು ಆಯಾ ಊರಿನ ಸೂರ್ಯೋದಯಕ್ಕೆ. ಎರಡೂ ಲೆಕ್ಕ ತಮ್ಮ ತಮ್ಮ ಜಾಗದಲ್ಲಿ ಸರಿ, ಬೆರೆಸಿದ್ರೆ ಜನ ಒಂದು ದಿನ ಪೂರ್ತಿ ತಪ್ಪಿಸ್ಕೋತಾರೆ. ಅವತ್ತಿಂದ ನಾನು ರಾತ್ರಿ 11:30 ದಾಟಿ ಬೆಳಿಗ್ಗೆ 5ರ ಒಳಗೆ ಯಾವ ಡೆಡ್‌ಲೈನೂ ಇಡಲ್ಲ, ಇಡಲೇಬೇಕಾದ್ರೆ 11:59 ಅಂತ ಬರೀತೀನಿ. ದಿನಾಂಕಾನೂ ಹಾಗೇ, 04/05 ಅಂದ್ರೆ ನಮಗೆ ಮೇ 4, ಅಮೆರಿಕದವರಿಗೆ ಏಪ್ರಿಲ್ 5, ತಿಂಗಳ ಹೆಸರನ್ನ ಅಕ್ಷರದಲ್ಲೇ ಬರೀರಿ.

ಪ್ರತಿ ವಾರ ತಾನೇ ಅನೌನ್ಸ್ ಮಾಡೋ ಬಾಟ್ ಇಟ್ಕೊಳ್ಳೋ ಯೋಚನೆ ಇದ್ರೆ, ಅಥವಾ ಗೂಗಲ್ ಕ್ಯಾಲೆಂಡರಲ್ಲಿ ರಿಪೀಟ್ ಈವೆಂಟ್ ಹಾಕಿದ್ರೆ, ಅದರ ಟೈಮ್‌ಝೋನ್ ಜಾಗದಲ್ಲಿ ಏಷ್ಯಾ/ಕೋಲ್ಕತ್ತಾ ಥರ ಊರಿನ ಹೆಸರೇ ಆರಿಸಿ, ಪ್ಲಸ್ ಮೈನಸ್ ಸಂಖ್ಯೆ ಬೇಡ. ಈ ಊರಿನ ಹೆಸರುಗಳ ಹಿಂದೆ ಒಂದು ದೊಡ್ಡ ಪಟ್ಟಿ ಇದೆ, ಯಾವ ಊರು ಯಾವ ವರ್ಷ ಯಾವಾಗ ಗಡಿಯಾರ ತಿರುಗಿಸ್ತು ಅನ್ನೋದೆಲ್ಲ ಅದ್ರಲ್ಲಿದೆ, ನಮ್ಮ ಫೋನು, ಸರ್ವರುಗಳು ಅದನ್ನೇ ಓದೋದು, ದೇಶ ರೂಲ್ ಬದಲಾಯಿಸಿದ್ರೆ ಪಟ್ಟಿ ಅಪ್‌ಡೇಟ್ ಆಗುತ್ತೆ. ಬದಲಾಗೋದು ಅಪರೂಪ ಅಂದ್ಕೋಬೇಡಿ. 2022ರಲ್ಲಿ ಮೆಕ್ಸಿಕೋ ಹೆಚ್ಚಿನ ಕಡೆ ಡೇಲೈಟ್ ಸೇವಿಂಗ್ ಬಿಟ್ಟಿತು, 2023ರಲ್ಲಿ ಈಜಿಪ್ಟ್ ಮತ್ತೆ ಶುರು ಮಾಡ್ತು, 2024ರ ಮಾರ್ಚ್ 1ಕ್ಕೆ ಕಜಾಕಿಸ್ತಾನ ಇಡೀ ದೇಶಕ್ಕೆ ಒಂದೇ ಸಮಯ ಮಾಡ್ಕೊಳ್ತು. 2023ರ ಮಾರ್ಚಲ್ಲಿ ಲೆಬನಾನಿನಲ್ಲಿ ಗಡಿಯಾರ ತಿರುಗಿಸೋದನ್ನ ಸರ್ಕಾರ ಕೆಲವೇ ದಿನ ಮೊದಲು ಮುಂದಕ್ಕೆ ಹಾಕ್ತು, ಚರ್ಚುಗಳು, ಕೆಲವು ಟಿವಿ ಚಾನೆಲ್‌ಗಳು ಒಪ್ಪಲಿಲ್ಲ, ಒಂದೇ ಊರಲ್ಲಿ ಎರಡು ಟೈಮ್ ನಡೆದು ಕೊನೆಗೆ ಸರ್ಕಾರ ಹಿಂದೆ ಸರೀತು. ಬಾಟ್ ಬರೆಯೋ ಫ್ರೆಂಡಿಗೆ ಇನ್ನೊಂದು ಹೇಳಿ, ಆ ಪಟ್ಟಿಯಲ್ಲಿ 'ಇಟಿಸಿ/ಜಿಎಂಟಿ ಪ್ಲಸ್ 5' ಅಂತ ಹೆಸರು ಕಂಡ್ರೆ ಅದು 5 ಗಂಟೆ ಹಿಂದೆ, ಚಿಹ್ನೆ ಉಲ್ಟಾ, ನಾನು ನೋಡಿದ ಹಾಗೆ ಒಳ್ಳೊಳ್ಳೆ ಪ್ರೋಗ್ರಾಮರುಗಳೂ ಇದ್ರಲ್ಲಿ ಬಿದ್ದಿದಾರೆ.

ಹೊರದೇಶದವರು ನಡೆಸೋ ಈವೆಂಟಿಗೆ ನೀವು ಹೋಗೋದಾದ್ರೆ ನಮ್ಮ ಅರ್ಧ ಗಂಟೆ ನೆನಪಿರಲಿ. ನಮ್ಮ ಸಮಯ ಪೂರ್ವ ರೇಖಾಂಶ 82.5 ಡಿಗ್ರಿಯದ್ದು, 15 ಡಿಗ್ರಿಗೆ ಒಂದು ಗಂಟೆ ಅಂದ್ರೆ ಐದೂವರೆ. ಜಗತ್ತಲ್ಲಿ ಹೆಚ್ಚಿನವರು ಪೂರ್ತಿ ಗಂಟೆಯಲ್ಲೇ ಇದಾರೆ, ಅರ್ಧ ಗಂಟೆ ಅವರ ತಲೆಗೇ ಬರಲ್ಲ, ಇಂಡಿಯಾ ಪ್ಲಸ್ 5 ಅಂತ ಬರೆದುಬಿಡ್ತಾರೆ. ನೇಪಾಳದವರ ಐದು ಮುಕ್ಕಾಲಂತೂ ಇನ್ನೂ ಕಷ್ಟ.

ಸಿಡ್ನಿಯವರ ವಿಷಯಕ್ಕೆ ಮತ್ತೆ ಬರ್ತೀನಿ, ನನಗೆ ಅದು ಮನಸ್ಸಿಗೆ ಹತ್ತಿದೆ. ನೀವು ಎಷ್ಟೇ ಸರಿಯಾಗಿ ಟೈಮ್ ಬರೆದ್ರೂ ಅವರಿಗೆ ಅದು ಬೆಳಗಿನ ಜಾವಾನೇ, ವಾರ ವಾರ ಒಬ್ಬರೇ ನಿದ್ದೆ ಕೆಡಿಸ್ಕೊಳ್ಳೋದು ನ್ಯಾಯ ಅಲ್ಲ. ನ್ಯೂಜೆರ್ಸಿಯಿಂದ ಸಿಡ್ನಿ ತನಕ ಎಲ್ಲರಿಗೂ ಒಪ್ಪೋ ಒಂದು ಗಂಟೆ ಇಲ್ಲವೇ ಇಲ್ಲ, ಅದನ್ನ ಹುಡುಕ್ತಾ ಕೂರಬೇಡಿ, ಸರದಿ ಮಾಡಿ. ತಿಂಗಳಲ್ಲಿ ಒಂದು ಶನಿವಾರ ಬೆಂಗಳೂರಿನ ಮಧ್ಯಾಹ್ನ 3:30ಕ್ಕೆ ಇಟ್ರೆ ಏಪ್ರಿಲ್ 5ರ ನಂತರದ ಈಗಿನ ಲೆಕ್ಕದಲ್ಲಿ ಸಿಡ್ನಿಗೆ ರಾತ್ರಿ 8, ದುಬೈಗೆ ಮಧ್ಯಾಹ್ನ 2, ಲಂಡನ್ ಡಬ್ಲಿನ್‌ಗೆ ಬೆಳಿಗ್ಗೆ 11, ನ್ಯೂಜೆರ್ಸಿಗೆ ಮಾತ್ರ ಬೆಳಿಗ್ಗೆ 6. ಇನ್ನೊಂದು ವಾರ ನಮ್ಮ ಭಾನುವಾರ ಬೆಳಿಗ್ಗೆ 6:30ಕ್ಕೆ ಇಟ್ರೆ ನ್ಯೂಜೆರ್ಸಿಗೆ ಶನಿವಾರ ರಾತ್ರಿ 9, ಸಿಡ್ನಿಗೆ ಭಾನುವಾರ 11. ಉಳಿದ ವಾರ ಹಳೇ 9:30. ಯಾವ ವಾರ ಯಾರಿಗೆ ಕಷ್ಟ ಅನ್ನೋದನ್ನ ಪಟ್ಟಿ ಮಾಡಿ ಪಿನ್ ಮಾಡಿ, ಕಷ್ಟ ಹಂಚಿಕೊಂಡಿದೀವಿ ಅಂತ ಕಣ್ಣಿಗೆ ಕಂಡ್ರೆ ಜನ ತುಂಬಾ ಸಹಿಸ್ಕೋತಾರೆ.

ಅನೌನ್ಸ್‌ಮೆಂಟ್ ಹಾಕಿದ ಮೇಲೆ ನಾನು ಬಿಡದೆ ಮಾಡೋ ಒಂದು ಕೆಲಸ ಇದೆ, ಬೇರೆ ಬೇರೆ ಖಂಡದ ಇಬ್ಬರನ್ನ 'ನಿಮ್ಮ ಫೋನಲ್ಲಿ ಎಷ್ಟು ಗಂಟೆ, ಯಾವ ವಾರ ಕಾಣ್ತಿದೆ' ಅಂತ ಕೇಳಿ ಅವರ ಬಾಯಿಂದಲೇ ಹೇಳಿಸೋದು. ಎರಡು ನಿಮಿಷದ ಕೆಲಸ, ನೂರಕ್ಕೆ ತೊಂಬತ್ತು ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ.

2026ರಲ್ಲಿ ಇನ್ನು ಗಡಿಯಾರ ತಿರುಗೋ ದಿನಗಳು ನಿಮ್ಮ ಊರುಗಳಿಗೆ ಇವು, ಅಕ್ಟೋಬರ್ 4 ಸಿಡ್ನಿ, ಅಕ್ಟೋಬರ್ 25 ಲಂಡನ್ ಮತ್ತು ಡಬ್ಲಿನ್, ನವೆಂಬರ್ 1 ನ್ಯೂಜೆರ್ಸಿ. ಪ್ರತಿಯೊಂದಕ್ಕೂ ಒಂದು ವಾರ ಮೊದಲು ಆ ಊರಿನವರಿಗೆ ಟ್ಯಾಗ್ ಮಾಡಿ ಒಂದು ಸಾಲು ಹಾಕಿ. ಅಕ್ಟೋಬರ್ 3ರ ಶನಿವಾರದ್ದು ಮಾತ್ರ ವಿಶೇಷವಾಗಿ ಗುರುತು ಹಾಕ್ಕೊಳಿ, 9:30ಕ್ಕೇ ಇಟ್ರೆ ಮತ್ತೆ ಅದೇ ಕಾಕತಾಳೀಯ, ಸಿಡ್ನಿಯಲ್ಲಿ ಗಡಿಯಾರ ಮುಂದೆ ಹೋಗೋ ಕ್ಷಣಾನೇ ನಿಮ್ಮ ಈವೆಂಟ್ ಶುರು. ಅಲ್ಲಿಯ ತನಕ ಅವರಿಗೆ 2 ಗಂಟೆಗೆ ಬರ್ತಿದ್ದ ಈವೆಂಟ್ ಅವತ್ತು 3ಕ್ಕೆ ಬರುತ್ತೆ, 1:59 ಆದ ಮೇಲೆ ನೇರ 3:00, ಮಧ್ಯೆ 2 ಗಂಟೆ ಅನ್ನೋದೇ ಆ ರಾತ್ರಿ ಇರಲ್ಲ. ಅವರಿಗೆ ಹಿಂದಿನ ದಿನವೇ ಪರ್ಸನಲ್ ಆಗಿ ಮೆಸೇಜ್ ಮಾಡಿ, ಅಲಾರಂ 1:45ಕ್ಕೆ ಇಟ್ಕೊಳಿ ಅಂತ ಹೇಳಿ.